ಕಾಲು ಡಿಗ್ರಿ ದೂರದಿಂದ: ಕಮಲಾಪುರ ತಾಲ್ಲೂಕಿನ ವಿಜ್ಞಾನ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ



ಹೋದ ವರ್ಷ ಒಂದು ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನು ನಿರ್ಣಾಯಕನಾಗಿ ಕರೆದಿದ್ದರು. ನಿವೃತ್ತ ಮೇಷ್ಟ್ರುಗಳಿಗೆ ಇಂಥ ಗೌರವ ಶಾಲು, ಹಾರ, ಸುಸಲಾ-ಮಿರ್ಚಿ ಸಮೇತ ಬರುತ್ತದೆ, ನಾನೂ ಬಿಟ್ಟುಕೊಡುವವನಲ್ಲ. ಒಂದು ಮೂಲೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಚಾರ್ಟ್ ಹಿಡಿದು ನಿಂತಿದ್ದಳು. ಅದರ ಮೇಲೆ ಐದು ಮುಖ: ಕೊಪರ್ನಿಕಸ್, ಟೈಕೋ ಬ್ರಾಹೆ, ಕೆಪ್ಲರ್, ಗೆಲಿಲಿಯೋ, ನ್ಯೂಟನ್. ಪ್ರತಿ ಮುಖದ ಕೆಳಗೆ ಹುಟ್ಟಿದ ಇಸವಿ, ಸತ್ತ ಇಸವಿ, ಮತ್ತೆ 'ಪಿತಾಮಹ' ಎಂಬ ಪದ. ಹುಡುಗಿ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದಳು. ಗೆಲಿಲಿಯೋ ದೂರದರ್ಶಕವನ್ನು ಕಂಡುಹಿಡಿದ ಎಂದೂ ಹೇಳಿದಳು.

"ಇವರೊಳಗ ಯಾರು ಯಾರ ಕೂಡ ಜಗಳಾ ಆಡ್ಯಾರವ್ವಾ?" ಎಂದೆ.

ಅವಳು ಒಮ್ಮೆ ತನ್ನ ಟೀಚರ್ ಕಡೆ, ಒಮ್ಮೆ ನನ್ನ ಕಡೆ ನೋಡಿ, "ಅದು ಬುಕ್ಕಿನಾಗ ಇಲ್ರಿ ಸರ" ಅಂದಳು.

ಅವಳ ಮಾತು ನಿಜ. ಬುಕ್ಕಿನಲ್ಲಿ ಇಲ್ಲ. ಅದಕ್ಕೇ ಈ ಪತ್ರ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ದೂರಬೇಕಾದರೆ ನನ್ನಿಂದಲೇ ಶುರುವಾಗಬೇಕು. ಪಿಸಾದ ಓರೆ ಗೋಪುರ ಹತ್ತಿ ಗೆಲಿಲಿಯೋ ಎರಡು ಗುಂಡು ಬಿಟ್ಟ ಕಥೆಯನ್ನು ನಾನು ವರ್ಷಗಟ್ಟಲೆ ಕುರ್ಚಿ ಮೇಲೆ ನಿಂತು, ಡಸ್ಟರು ಮತ್ತು ಸೀಮೆಸುಣ್ಣದ ತುಂಡು ಕೆಳಗೆ ಹಾಕಿ ಹೇಳಿದವನು. ಒಮ್ಮೆ ತಾಂಡಾದಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, "ಅದನ್ನ ಯಾರು ನೋಡ್ಯಾರ್ರಿ ಸರ?" ಎಂದು ಕೇಳಿದ. ತಲೆಹರಟೆ ಎಂದು ಗದರಿಸಿ ಕೂರಿಸಿದೆ. ಹಲವು ವರ್ಷಗಳ ಮೇಲೆ ಗೊತ್ತಾಯಿತು: ಆ ಗೋಪುರದ ಪ್ರಯೋಗವನ್ನು ಗೆಲಿಲಿಯೋ ತನ್ನ ಯಾವ ಪುಸ್ತಕದಲ್ಲೂ ಹೇಳಿಕೊಂಡಿಲ್ಲ. ಹೇಳಿದವನು ಅವನ ಮುಪ್ಪಿನ ಕಾಲದ ಶಿಷ್ಯ ವಿವಿಯಾನಿ, ಅದೂ ಗುರು ತೀರಿಕೊಂಡ ಮೇಲೆ. ಆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಗದರಿಸಿದ್ದು ತಪ್ಪು. ಅವನೀಗ ಎಲ್ಲಿದ್ದಾನೋ; ಈ ಪತ್ರ ಅವನ ಕೈಗೂ ಸಿಗಲಿ.

ಗೆಲಿಲಿಯೋ ನಿಜವಾಗಿ ಮಾಡಿದ ಪ್ರಯೋಗ ಗೋಪುರಕ್ಕಿಂತ ಚೆಂದ, ನಮ್ಮ ಶಾಲೆಗಳಿಗೆ ಎಟಕುವಂಥದ್ದು ಕೂಡ. ಉದ್ದನೆಯ ಮರದ ತೊಲೆಯಲ್ಲಿ ಕಾಲುವೆಯಂತೆ ನಯವಾದ ಗೆರೆ ಕೊರೆಸಿ, ಅದನ್ನು ಓರೆಯಾಗಿಟ್ಟು, ಕಂಚಿನ ಗುಂಡು ಉರುಳಿಸಿದ. ಸೆಕೆಂಡು ತೋರಿಸುವ ಗಡಿಯಾರ ಅವನಲ್ಲಿ ಇರಲಿಲ್ಲ. ದೊಡ್ಡ ಪಾತ್ರೆಯ ತಳಕ್ಕೆ ಸಣ್ಣ ಕೊಳವೆ ಹಾಕಿ, ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ತೂಗಿ, ಆ ತೂಕವನ್ನೇ ಕಾಲವೆಂದು ಹಿಡಿದ. 1638ರ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಮದುವೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ತೇಲಿಬಿಟ್ಟು ಕೂರುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಹೇಳಿದ್ದರೆ ಒಂದು ನಿಮಿಷದಲ್ಲಿ ಅರ್ಥವಾಗುತ್ತಿತ್ತು. ದೂರದರ್ಶಕವೂ ಅವನು ಕಂಡುಹಿಡಿದದ್ದಲ್ಲ. 1608ರಲ್ಲಿ ಹಾಲೆಂಡಿನ ಕನ್ನಡಕದ ಕುಶಲಕರ್ಮಿ ಹಾನ್ಸ್ ಲಿಪ್ಪರ್ಶೆ ಅದಕ್ಕೆ ಹಕ್ಕು ಕೇಳಿ ಅರ್ಜಿ ಹಾಕಿದ್ದ. ಸುದ್ದಿ ಕೇಳಿದ ಗೆಲಿಲಿಯೋ ತಾನೇ ಮಸೂರ ಉಜ್ಜಿ ಇನ್ನೂ ಒಳ್ಳೆಯದನ್ನು ಮಾಡಿಕೊಂಡು, 1610ರ ಜನವರಿ 7ರಿಂದ ಗುರುಗ್ರಹದ ಪಕ್ಕದ ಚುಕ್ಕಿಗಳನ್ನು ರಾತ್ರಿಯಿಂದ ರಾತ್ರಿಗೆ ಗುರುತು ಹಾಕುತ್ತ ಹೋದ. ಮೊದಲ ರಾತ್ರಿ ಮೂರು ಚುಕ್ಕಿ, ಅವನ್ನು ನಕ್ಷತ್ರಗಳೆಂದೇ ತಿಳಿದ. ಮರುದಿನ ಅವು ಜಾಗ ಬದಲಿಸಿದ್ದವು. ಅವನ ಹೆಚ್ಚುಗಾರಿಕೆ ಇರುವುದು ಮೊದಲ ರಾತ್ರಿಯ ತಪ್ಪು ತಿಳಿವಳಿಕೆಯನ್ನೂ ಬರೆದಿಟ್ಟದ್ದರಲ್ಲಿ.

ಈಗ ನನಗೆ ನಿಜವಾಗಿ ಬೇಕಾದ ಮಾತಿಗೆ ಬರುತ್ತೇನೆ.

ಟೈಕೋ ಬ್ರಾಹೆ ಡೆನ್ಮಾರ್ಕಿನ ಶ್ರೀಮಂತ, ಸಿಡುಕ. ರಾಜ 1576ರಲ್ಲಿ ಅವನಿಗೆ ವೆನ್ ಎಂಬ ಒಂದು ದ್ವೀಪವನ್ನೇ ಕೊಟ್ಟ. ಅಲ್ಲಿ ದೊಡ್ಡ ದೊಡ್ಡ ಲೋಹದ ಕೋನಮಾಪಕಗಳನ್ನು ನೆಟ್ಟು, ಇಪ್ಪತ್ತು ವರ್ಷ ಬರಿಗಣ್ಣಲ್ಲಿ ಗ್ರಹಗಳ ಜಾಗ ಬರೆದಿಟ್ಟ. ಭೂಮಿ ಸುತ್ತುತ್ತದೆಂಬ ಕೊಪರ್ನಿಕಸನ ಮಾತನ್ನು ಅವನು ಒಪ್ಪಲಿಲ್ಲ. ಸುತ್ತುವುದಾದರೆ ನಕ್ಷತ್ರಗಳು ಚೂರಾದರೂ ಸರಿದಂತೆ ಕಾಣಬೇಕಲ್ಲ ಎಂದು ವಾದಿಸಿದ. ಕಾಣುತ್ತಿರಲಿಲ್ಲ, ನಕ್ಷತ್ರಗಳು ಅವನ ಊಹೆಗೂ ಮೀರಿ ದೂರ ಇದ್ದವು. ಕಾರಣ ಒಳ್ಳೆಯದು, ತೀರ್ಮಾನ ತಪ್ಪು. ಇಂಥ ತಪ್ಪನ್ನು ನಾವು ಮಕ್ಕಳಿಗೆ ತೋರಿಸುವುದೇ ಇಲ್ಲ. ಹೊಸ ರಾಜ ಬಂದ ಮೇಲೆ ಟೈಕೋನ ಸಂಬಂಧ ಕೆಟ್ಟು, 1597ರಲ್ಲಿ ದ್ವೀಪ ಬಿಟ್ಟು ಕೊನೆಗೆ ಪ್ರಾಗ್ ಸೇರಿದ. ಅಲ್ಲಿಗೆ 1600ರಲ್ಲಿ ಕೆಪ್ಲರ್ ಬಂದ: ಬಡವ, ಕಣ್ಣು ಮಂದ, ಲೆಕ್ಕದಲ್ಲಿ ಹಟಮಾರಿ. ಮಂಗಳನ ದಾರಿಯನ್ನು ಎಂಟು ದಿನದಲ್ಲಿ ಬಿಡಿಸುತ್ತೇನೆಂದು ಜಂಬ ಕೊಚ್ಚಿದ, ವರ್ಷಗಳೇ ಹಿಡಿದವು. ಅವನು ಬಂದ ಮರುವರ್ಷವೇ ಟೈಕೋ ತೀರಿಕೊಂಡ. ವಾರಸುದಾರರು ಹುಷಾರಾಗುವ ಮೊದಲೇ ಕೆಪ್ಲರ್ ಟೈಕೋನ ಅಳತೆಯ ವಹಿಗಳನ್ನು ಕೈವಶ ಮಾಡಿಕೊಂಡ. ತಾನೇ ಒಪ್ಪಿಕೊಂಡಿದ್ದಾನೆ.

ವೃತ್ತ ಹಾಕಿ ಲೆಕ್ಕ ಮಾಡಿದರೆ ಮಂಗಳ ಟೈಕೋ ಬರೆದ ಜಾಗದಿಂದ 8 ಕಲೆ ತಪ್ಪುತ್ತಿತ್ತು. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಅದರಲ್ಲಿ ಎಂಟು. ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ. ಬೇರೆ ಯಾರಾದರೂ ಆಗಿದ್ದರೆ 'ಇರಲಿ ಬಿಡು' ಎನ್ನುತ್ತಿದ್ದರು. ಟೈಕೋ ಅಷ್ಟು ತಪ್ಪುವವನಲ್ಲ ಎಂದು ಕೆಪ್ಲರ್‌ಗೆ ಗೊತ್ತಿತ್ತು. ಎರಡು ಸಾವಿರ ವರ್ಷ ಎಲ್ಲರೂ ನಂಬಿದ್ದ ವೃತ್ತವನ್ನೇ ಬಿಟ್ಟ. 1609ರ ಪುಸ್ತಕದಲ್ಲಿ ಮಂಗಳ ದೀರ್ಘವೃತ್ತದಲ್ಲಿ ಓಡತೊಡಗಿತು.

ಈಗ ಭೂಪಟ ತೆಗೆಯಿರಿ. ಕಲಬುರಗಿಯ ಅಕ್ಷಾಂಶ ಸುಮಾರು 17.33 ಡಿಗ್ರಿ. ಕಮಲಾಪುರದ್ದು ಸುಮಾರು 17.58. ನಡುವಿನ ಅಂತರ ಕಾಲು ಡಿಗ್ರಿ, ಅಂದರೆ 15 ಕಲೆ. ಖಗೋಳವಿಜ್ಞಾನವನ್ನು ತಲೆಕೆಳಗು ಮಾಡಿದ ಆ ವ್ಯತ್ಯಾಸ, ಹುಮನಾಬಾದ್ ರಸ್ತೆಯಲ್ಲಿ ನೀವು ಮಹಾಗಾಂವ ಕ್ರಾಸ್ ದಾಟಿ ಬಸ್ಸಲ್ಲಿ ಹೋಗಿಬರುವ ದಾರಿಯ ಅರ್ಧದಷ್ಟು. ಇದು ಹೊಳೆದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ಹೇಳಿದರೆ, "ಮೊದಲು ಬಿ.ಪಿ. ಗುಳಗಿ ತಗೋರಿ" ಅಂದರು.

ಇಷ್ಟಾದರೂ ನಮ್ಮ ಮಕ್ಕಳ ಮನಸ್ಸಲ್ಲಿ ಈ ಐವರೂ ಪರದೇಶದವರು. ಅದಕ್ಕೆ ಉತ್ತರವಾಗಿ ಕೆಲವರು ಇನ್ನೊಂದು ತುದಿ ಹಿಡಿಯುತ್ತಾರೆ: ಇದೆಲ್ಲ ನಮ್ಮಲ್ಲೇ ಇತ್ತು, ಅವರು ಕದ್ದರು. ಎರಡೂ ಸೋಮಾರಿ ಮಾತು. ನಿಜವಾಗಿ ನಮ್ಮ ಊರಲ್ಲಿ ಏನಿತ್ತೋ ಅದನ್ನು ನೋಡಿದರೆ ಕಥೆ ಇವೆರಡಕ್ಕಿಂತ ರುಚಿಯಾಗಿದೆ.

ಹಫ್ತ್ ಗುಂಬಜ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೀರಲ್ಲ? ಅಲ್ಲಿ ಜೋಡಿ ಗುಮ್ಮಟದ ದೊಡ್ಡ ಗೋರಿ ಫಿರೋಜ್ ಶಾಹ ಬಹಮನಿಯದು. 1397ರಿಂದ 1422ರವರೆಗೆ ಕಲಬುರಗಿಯಿಂದ ಆಳಿದವನು. ಯುದ್ಧ, ಮದುವೆ, ಭೀಮಾ ತೀರದ ಫಿರೋಜಾಬಾದು, ಇವೆಲ್ಲ ಗೈಡುಗಳು ಹೇಳುತ್ತಾರೆ. ಅವನು ವಾರದಲ್ಲಿ ಮೂರು ದಿನ ಪಾಠ ಹೇಳುತ್ತಿದ್ದನೆಂಬುದನ್ನು ಯಾರೂ ಹೇಳುವುದಿಲ್ಲ. ವಿಜಯಪುರದ ಆದಿಲಶಾಹಿ ಆಸ್ಥಾನದಲ್ಲಿ ಕುಳಿತು ಇತಿಹಾಸ ಬರೆದ ಫರಿಶ್ತಾ ಇದನ್ನು ದಾಖಲಿಸಿದ್ದಾನೆ. (ಕೆಪ್ಲರ್ ಮಂಗಳನ ಜೊತೆ ಗುದ್ದಾಡುತ್ತಿದ್ದ ಹೊತ್ತಿಗೇ ಫರಿಶ್ತಾ ಇಲ್ಲಿ ಬರೆಯುತ್ತಿದ್ದ.) ಫಿರೋಜ್ ಪಾಠ ಹೇಳುತ್ತಿದ್ದ ಪುಸ್ತಕಗಳಲ್ಲಿ ಯೂಕ್ಲಿಡನ ರೇಖಾಗಣಿತ ಒಂದು, ತಜ್ಕಿರಾ ಎಂಬ ಖಗೋಳ ಗ್ರಂಥದ ವ್ಯಾಖ್ಯಾನ ಇನ್ನೊಂದು.

ತಜ್ಕಿರಾ ಬರೆದವನು ಹದಿಮೂರನೇ ಶತಮಾನದ ಪರ್ಷಿಯಾದ ನಾಸಿರುದ್ದೀನ್ ತೂಸಿ. ಅದರಲ್ಲಿ ಒಂದು ಚಮತ್ಕಾರದ ರೇಖಾಗಣಿತವಿದೆ. ಒಂದು ವೃತ್ತದೊಳಗೆ ಅದರ ಅರ್ಧ ಅಗಲದ ಸಣ್ಣ ವೃತ್ತವನ್ನು ಉರುಳಿಸಿದರೆ, ಸಣ್ಣದರ ಅಂಚಿನ ಮೇಲಿನ ಚುಕ್ಕಿ ಸುತ್ತುವುದಿಲ್ಲ. ನೆಟ್ಟಗೆ ಗೆರೆ ಎಳೆದಂತೆ ಹಿಂದೆ ಮುಂದೆ ಓಡಾಡುತ್ತದೆ. ಎರಡು ದುಂಡಗಿನ ಚಲನೆ ಸೇರಿ ಒಂದು ಸರಳ ರೇಖೆ. ಇದೇ ಉಪಾಯ 1543ರ ಕೊಪರ್ನಿಕಸನ ಪುಸ್ತಕದಲ್ಲೂ ಬರುತ್ತದೆ. ತೂಸಿ ಇದ್ದ ಪರ್ಷಿಯಾದ ಮರಾಘಾದಿಂದ ಪೋಲೆಂಡಿಗೆ ಅದು ಹೇಗೆ ತಲುಪಿತು ಎಂಬ ಬಗ್ಗೆ ವಿದ್ವಾಂಸರು ಇಂದಿಗೂ ಕಿತ್ತಾಡುತ್ತಾರೆ. ಕಲಬುರಗಿಯಿಂದ ಹೋಯಿತೆಂದು ನಾನು ಹೇಳುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ಭಾಷಣ ಮಾಡಬೇಡಿ. ಕೊಪರ್ನಿಕಸ್ ಹುಟ್ಟುವ ಎಪ್ಪತ್ತು ವರ್ಷ ಮೊದಲು ಅದೇ ಪುಸ್ತಕದ ವ್ಯಾಖ್ಯಾನ ನಮ್ಮ ಊರಲ್ಲಿ ಪಾಠವಾಗುತ್ತಿತ್ತು, ಅಷ್ಟೇ. ನನಗೆ ಅಷ್ಟು ಸಾಕು.

ತರಗತಿಯಲ್ಲಿ ಇದನ್ನು ಮಾಡಿ ತೋರಿಸಲು ಒಂದು ಬಳೆ, ಒಂದು ಡಬ್ಬಿ ಮುಚ್ಚಳ ಸಾಕು. ಮುಚ್ಚಳದ ಒಳ ಅಗಲ ಬಳೆಯ ಹೊರ ಅಗಲದ ಸರಿಯಾಗಿ ಎರಡರಷ್ಟು ಇರಬೇಕು. ಬಳೆ ಜಾರಬಾರದು, ಉರುಳಬೇಕು. ಅಂಚಿಗೆ ಸೈಕಲ್ ಟ್ಯೂಬಿನ ತೆಳು ಪಟ್ಟಿ ಅಂಟಿಸಿದರೆ ಹಿಡಿತ ಬರುತ್ತದೆ, ಆ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಳೆಯ ಮೇಲೆ ಕುಂಕುಮದ ಬೊಟ್ಟು ಇಟ್ಟು ಉರುಳಿಸಿ. ಬೊಟ್ಟು ನೆಟ್ಟಗೆ ಹೋಗುವುದನ್ನು ಕಂಡಾಗ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ.

1407ರಲ್ಲಿ ಫಿರೋಜ್ ದೌಲತಾಬಾದ್ ಬಳಿ ಘಟ್ಟದ ಮೇಲೆ ಒಂದು ವೀಕ್ಷಣಾಲಯ ಕಟ್ಟಿಸಲು ಹೊರಟ. ಸಮರಕಂದದಲ್ಲಿ ಉಲೂಗ್ ಬೇಗ್ ತನ್ನ ಹೆಸರಾಂತ ವೀಕ್ಷಣಾಲಯ ಕಟ್ಟಿಸುವುದಕ್ಕೂ ಮುಂಚೆ. ಹಕೀಮ್ ಹಸನ್ ಗೀಲಾನಿ ಎಂಬ ವಿದ್ವಾಂಸನ ಮೇಲೆ ಹೊಣೆ ಬಿದ್ದಿತ್ತು. ಅವನು ತೀರಿಕೊಂಡ. ಕೆಲಸ ನಿಂತಿತು. ಆಮೇಲೆ ಯಾರೂ ಮುಂದುವರಿಸಲಿಲ್ಲ.

ನಾನು ಫಿರೋಜನ ಗೋರಿಯ ಮುಂದೆ ಎಷ್ಟೋ ಸಂಜೆ ಹಕೀಮನ ಸಾವು, ಟೈಕೋನ ಸಾವು ಎರಡನ್ನೂ ಅಕ್ಕಪಕ್ಕ ಇಟ್ಟು ಯೋಚಿಸಿದ್ದೇನೆ. ಟೈಕೋನ ದ್ವೀಪದ ಅರಮನೆಯೂ ಉಳಿಯಲಿಲ್ಲ. ಅವನು ಸತ್ತ ಮೇಲೆ ಕೆಡವಿದರು. ಆದರೆ ಅವನ ವಹಿಗಳು ಮತ್ತೊಬ್ಬನ ಕೈಯಲ್ಲಿದ್ದವು, ಆ ಮತ್ತೊಬ್ಬ ಅವನ ಮಾತನ್ನು ಒಪ್ಪದವನು. ಕೊಪರ್ನಿಕಸ್ ತನ್ನ ಹಸ್ತಪ್ರತಿಯನ್ನು ಬಹುಕಾಲ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದ. 1539ರಲ್ಲಿ ರೆಟಿಕಸ್ ಎಂಬ 25ರ ತರುಣ ಹುಡುಕಿಕೊಂಡು ಬಂದು, ಬೆನ್ನು ಬಿದ್ದು, ಅಚ್ಚಿಗೆ ಒಪ್ಪಿಸಿದ. ಪುಸ್ತಕ ಬಂದ ವರ್ಷವೇ ಮುದುಕ ತೀರಿಕೊಂಡ, ಪುಸ್ತಕ ಉಳಿಯಿತು. ಫಿರೋಜನಿಗೆ ದೊರೆತನವಿತ್ತು, ಹಣವಿತ್ತು, ವಿದ್ಯೆಯೂ ಇತ್ತು. ಅಚ್ಚಿನ ಯಂತ್ರ ಇರಲಿಲ್ಲ, ರೆಟಿಕಸ್ ಇರಲಿಲ್ಲ. ಆ ವೀಕ್ಷಣಾಲಯ ಒಬ್ಬ ಹಕೀಮನ ಉಸಿರಿನ ಮೇಲೆ ನಿಂತಿತ್ತು. ನಮ್ಮ ಶಾಲೆಗಳ ಎಷ್ಟು ಒಳ್ಳೆಯ ಕೆಲಸಗಳು ಒಬ್ಬ ಮೇಷ್ಟ್ರ ವರ್ಗಾವಣೆಯ ಜೊತೆಗೇ ನಿಂತುಹೋಗುತ್ತವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮಳಖೇಡದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾಗಿಣಾ ದಂಡೆಯ ಆ ಊರು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಋಣಸಂಖ್ಯೆಗೆ ವರ್ಗಮೂಲ ಇರಲಾರದು ಎಂದು ಅವನು ಸ್ಪಷ್ಟವಾಗಿ ಹೇಳಿದ್ದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದೂ ಅವನು ಬರೆದ, ಅದು ತಪ್ಪು. ಮುನ್ನೂರು ವರ್ಷಗಳ ನಂತರ ಭಾಸ್ಕರಾಚಾರ್ಯ ಆ ಉತ್ತರವನ್ನು ಕೈಬಿಟ್ಟು, ಹಾಗೆ ಬರುವ ರಾಶಿಗೆ 'ಖಹರ' ಎಂದು ಬೇರೆ ಹೆಸರಿಟ್ಟ. ಮಹಾವೀರನ ಹೆಸರಲ್ಲಿ ನೀವು ಚಾರ್ಟ್ ಮಾಡಿಸಿದರೆ ಆ ತಪ್ಪನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ. ಅವನ ಮರ್ಯಾದೆಗೆ ಏನೂ ಕುಂದಿಲ್ಲ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಅಳೆದೂ ಸುರಿದೂ ಬರೆಯುತ್ತಿದ್ದೇನೆ. ಭಾನಾಮತಿ ಎಂಬ ಪದ ನಮ್ಮ ಕಡೆ ಯಾವ ಮನೆಗೆ ಗೊತ್ತಿಲ್ಲ? ಮನೆಯ ಮೇಲೆ ಕಲ್ಲು ಬಿತ್ತು, ಬಟ್ಟೆಗೆ ಬೆಂಕಿ ಹತ್ತಿತು, ಸೊಸೆ ಮೂರ್ಛೆ ಹೋದಳು. ಬೀದಿಯ ಕೊನೆಯ ಮನೆಯ ವಿಧವೆ ಮುದುಕಿಯ ಮೇಲೆ ಬೆರಳು. 2017ರಲ್ಲಿ ವಾಮಾಚಾರ ತಡೆಗೆ ರಾಜ್ಯ ಕಾಯ್ದೆ ತಂದಿತು, ಒಳ್ಳೆಯದೇ. ಆದರೆ ತರಗತಿಯಲ್ಲಿ ಇದನ್ನು ಮಾತಾಡಲು ನಮಗೆ ನಾಲಿಗೆ ಏಳುವುದಿಲ್ಲ, ಏಕೆಂದರೆ ಮುಂದಿನ ಬೆಂಚಲ್ಲಿ ಕೂತ ಮಗು ಆ ಮನೆಯದೇ ಇರಬಹುದು. ಹಾಗಿದ್ದರೆ ಕೆಪ್ಲರ್‌ನ ತಾಯಿಯ ಕಥೆ ಹೇಳಿ. ಕಾಟರೀನಾ ಗಿಡಮೂಲಿಕೆ ಔಷಧ ಕೊಡುತ್ತಿದ್ದ ವಿಧವೆ. 1615ರಲ್ಲಿ ಊರಿನ ಹೆಂಗಸೊಬ್ಬಳು ಈಕೆ ಕೊಟ್ಟ ಪಾನೀಯದಿಂದ ತನಗೆ ಕಾಯಿಲೆ ಬಂತೆಂದಳು; ಮಾಟಗಾತಿ ಎಂಬ ಕೂಗೆದ್ದಿತು. 1620ರಲ್ಲಿ ಎಪ್ಪತ್ತು ದಾಟಿದ ಆ ಮುದುಕಿಯನ್ನು ಹಿಡಿದು ಸಂಕೋಲೆ ಹಾಕಿ, ಹದಿನಾಲ್ಕು ತಿಂಗಳು ಸೆರೆಯಲ್ಲಿಟ್ಟರು. ಚಕ್ರವರ್ತಿಯ ಗಣಿತಜ್ಞನಾಗಿದ್ದ ಮಗ ಲಿಂಜ್‌ನಿಂದ ಬಂದು, ಮಂಗಳನ ಲೆಕ್ಕ ಮಾಡಿದ ಅದೇ ಹಟದಲ್ಲಿ ಒಂದೊಂದು ಸಾಕ್ಷಿಯನ್ನೂ ಬಿಡಿಸಿದ. ಈ ಕಾಯಿಲೆಗೆ ಬೇರೆ ಕಾರಣವಿಲ್ಲವೇ? ಅದನ್ನು ಕಂಡವರು ಯಾರು? ಯಾವಾಗ ಕಂಡರು? 1621ರಲ್ಲಿ ಆಕೆ ಬಿಡುಗಡೆಯಾದಳು, ಮರುವರ್ಷ ತೀರಿಕೊಂಡಳು. ಗ್ರಹಗಳ ಮೂರನೇ ನಿಯಮ ಅವನಿಗೆ ಹೊಳೆದದ್ದು 1618ರಲ್ಲಿ, ತಾಯಿಯ ಮೇಲಿನ ಆ ಅಪವಾದ ಇನ್ನೂ ತೂಗುತ್ತಿದ್ದಾಗಲೇ. ನನ್ನ ತರಗತಿಯಲ್ಲಿ "ಅದನ್ನ ಯಾರು ನೋಡ್ಯಾರ್ರಿ" ಎಂದ ಹುಡುಗ ಕೇಳಿದ್ದೂ ಅದೇ ಪ್ರಶ್ನೆಯನ್ನು.

ಸರಿ, ಈಗ ಬಿನ್ನಹ. ವೆಚ್ಚ ಒಂದು ಬಿದಿರ ಗಳ, ಒಂದು ಸುತ್ತು ದಾರ.

ಮಾರ್ಚ್ 21ರ ಸುಮಾರಿಗೆ ಹಗಲು ರಾತ್ರಿ ಸಮ. ಆ ದಿನ ಮಧ್ಯಾಹ್ನ ಒಂದು ಮೀಟರಿನ ಕೋಲು ನೆಟ್ಟರೆ ಕಲಬುರಗಿಯಲ್ಲಿ ನೆರಳು ಸುಮಾರು 31.2 ಸೆಂ.ಮೀ., ಕಮಲಾಪುರದಲ್ಲಿ ಸುಮಾರು 31.7 ಸೆಂ.ಮೀ. ಬರಬೇಕು. ಅರ್ಧ ಸೆಂಟಿಮೀಟರು. ಆ ಅರ್ಧ ಸೆಂಟಿಮೀಟರಿನಲ್ಲಿ ಭೂಮಿಯ ಸುತ್ತಳತೆ ಅಡಗಿದೆ. ಎರಡೂ ಊರುಗಳ ನಡುವೆ ಉತ್ತರ-ದಕ್ಷಿಣ ನೇರ ದೂರ ಸುಮಾರು 28 ಕಿ.ಮೀ. (ಬಸ್ ರಸ್ತೆಯ ದೂರ ಹಾಕಬೇಡಿ, ರಸ್ತೆ ಪೂರ್ವಕ್ಕೂ ಸರಿಯುತ್ತದೆ.) ಕಾಲು ಡಿಗ್ರಿಗೆ 28 ಆದರೆ 360 ಡಿಗ್ರಿಗೆ ಎಷ್ಟು? ಮಕ್ಕಳೇ ಹೇಳಲಿ. ಆದರೆ ನೆರಳಿನ ಅಳತೆಯಲ್ಲಿ ಒಂದು ಮಿಲಿಮೀಟರು ತಪ್ಪಿದರೆ ಭೂಮಿ ಐದರಲ್ಲೊಂದು ಪಾಲು ಉಬ್ಬಿಬಿಡುತ್ತದೆ, ಇಲ್ಲವೇ ಸೊರಗುತ್ತದೆ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ನೆರಳಿನ ತುದಿ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಟೈಕೋನ ಸಿಡುಕು ಯಾಕೆಂದು ಮಕ್ಕಳಿಗೆ ಇಲ್ಲಿ ತಿಳಿಯುತ್ತದೆ.

ಉಪಾಯವಿದೆ. ಮೂರು ಮೀಟರಿನ ಗಳ ನೆಟ್ಟರೆ ವ್ಯತ್ಯಾಸ ಒಂದೂವರೆ ಸೆಂಟಿಮೀಟರಿಗೆ ಹತ್ತಿರವಾಗುತ್ತದೆ. ತುದಿಗೆ ರಟ್ಟು ಕಟ್ಟಿ ಅದರಲ್ಲಿ ಸಣ್ಣ ತೂತು ಮಾಡಿದರೆ ನೆಲದ ಮೇಲೆ ಸೂರ್ಯನ ದುಂಡು ಬಿಂಬ ಬೀಳುತ್ತದೆ, ಅದರ ನಡುವನ್ನು ಗುರುತು ಹಾಕಿ. ಎತ್ತರವನ್ನು ತೂತಿನಿಂದಲೇ ಅಳೆಯಬೇಕು. ಗಳ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಗಳು ಗೋಡೆಗೆ ಇಳಿಬಿಡುವ ಗುಂಡನ್ನು ಒಂದು ದಿನ ಕಡ ತನ್ನಿ. ನೆಲಕ್ಕಂತೂ ನಮ್ಮಲ್ಲಿ ಶಹಾಬಾದ್ ಪರಸಿ ಇದ್ದೇ ಇದೆ. ಮಟ್ಟ ಮಾತ್ರ ನೋಡಿಕೊಳ್ಳಿ. ಮತ್ತೆ ಗಡಿಯಾರದ ಹನ್ನೆರಡಕ್ಕೆ ಅಳೆದು ಕೈತೊಳೆದುಕೊಳ್ಳಬೇಡಿ. ನಮ್ಮ ಗಡಿಯಾರ ಪೂರ್ವದ ರೇಖಾಂಶದ್ದು. ಇಲ್ಲಿ ಮಾರ್ಚ್‌ನಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಸುಮಾರು 12.30ಕ್ಕೆ. ಹನ್ನೆರಡೂಕಾಲರಿಂದ ಮುಕ್ಕಾಲರವರೆಗೆ ಎರಡೆರಡು ನಿಮಿಷಕ್ಕೆ ಗುರುತು ಹಾಕಿ, ಎಲ್ಲಕ್ಕಿಂತ ಗಿಡ್ಡ ನೆರಳನ್ನು ಹಿಡಿಯಿರಿ. ಮಕ್ಕಳ ತಲೆಗೆ ಟವೆಲ್, ಕೈಗೆ ನೀರು. ಕಲಬುರಗಿಯ ಮಾರ್ಚ್ ಬಿಸಿಲು ಕೆಪ್ಲರ್‌ಗೂ ಗೊತ್ತಿರಲಿಲ್ಲ.

ಹತ್ತನೇ ತರಗತಿಯವರನ್ನು ಪರೀಕ್ಷೆಗೆ ಬಿಟ್ಟುಬಿಡಿ. ಎಂಟು, ಒಂಬತ್ತರವರು ಸಾಕು. ಅಳತೆಗಳನ್ನು ಒಂದು ದಪ್ಪ ರಜಿಸ್ಟರಿನಲ್ಲಿ ಪೆನ್ನಿನಿಂದ ಬರೆಸಿ. ಅಳಿಸುವುದಿಲ್ಲ, ಹಾಳೆ ಹರಿಯುವುದಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು, ಯಾಕೆ ತಪ್ಪಾಯಿತೆಂದು ಪಕ್ಕದಲ್ಲಿ ಬರೆಯಬೇಕು, ಬರೆದವರ ಹೆಸರು ಸಹಿತ. ಮುಂದಿನ ವರ್ಷದ ಮಕ್ಕಳು ಅದೇ ವಹಿ ತೆರೆದು, ಹಿಂದಿನವರು ಎಲ್ಲಿ ಎಡವಿದ್ದಾರೆ ಎಂದು ಹುಡುಕಿಕೊಂಡು ಶುರು ಮಾಡಬೇಕು. ನಿಮಗೆ ವರ್ಗವಾದರೂ ವಹಿ ಅಲ್ಲೇ ಇರಬೇಕು. ಮುಖ್ಯೋಪಾಧ್ಯಾಯರ ಕಪಾಟಿನಲ್ಲಲ್ಲ, ಮಕ್ಕಳ ಕೈಗೆ ಸಿಗುವಲ್ಲಿ.

ನಾನು ಆ ದಿನ ಕಲಬುರಗಿಯಲ್ಲಿ ನಮ್ಮ ಮನೆ ಮಾಳಿಗೆ ಮೇಲೆ ಮೂರು ಮೀಟರಿನ ಗಳದ ಜೊತೆ ಇರುತ್ತೇನೆ. ನನ್ನ ಲೆಕ್ಕದ ಪ್ರಕಾರ ನನ್ನ ನೆರಳು ನಿಮ್ಮದಕ್ಕಿಂತ ಗಿಡ್ಡ ಬರಬೇಕು. ನಿಮ್ಮದೇ ಗಿಡ್ಡ ಬಂದರೆ ತಿದ್ದಿ ಬರೆಯಬೇಡಿ. ಆ ಹಾಳೆ ಹಿಡಿದುಕೊಂಡು, ಅಳತೆ ಮಾಡಿದ ಮಕ್ಕಳನ್ನೂ ಕರಕೊಂಡು ಬನ್ನಿ. ಯಾರ ಗುಂಡು ಓರೆಯಾಗಿತ್ತು, ಯಾರ ಪರಸಿ ವಾಲಿತ್ತು ಎಂದು ಕುಳಿತು ಜಗಳ ಆಡೋಣ. ಚಹಾ ನಂದು. ಬರುವಾಗ ನಿಮ್ಮೂರಿನ ಕೆಂಪು ಬಾಳೆಹಣ್ಣು ಒಂದು ಡಜನ್ ತಂದರೆ ಬೇಡ ಅನ್ನುವುದಿಲ್ಲ.

ನಿಮ್ಮವನೇ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಕಲಬುರಗಿ